ಎಂಜಿನ್ನಿಗೂ ಗಾಲಿಗೂ ನಡುವೆ

ಬಳ್ಳಾರಿಯಲ್ಲಿ ಗ್ಯಾರೇಜ್ ಇಟ್ಟವನಿಗೆ ನಗುವಿನ ಬರಗಾಲವೆಂಬುದಿಲ್ಲ. ಕೆಟ್ಟ ಗಾಡಿಗೆ ನನ್ನ ಹತ್ತಿರ ಪಾನಾ ಇದೆ, ಅದರ ಜೊತೆ ಬರುವ ಮಂದಿಯ ಮಾತಿಗೆ ಇಲ್ಲ.

ಸೌಂಡ್ ಯಾರದು?

ಪಾರ್ವತಿನಗರದ ಗಂಡ-ಹೆಂಡತಿ ಕಾರು ತಂದಿದ್ದರು. "ಜಾಹೀರಾತಿನಾಗ ಡ್ರೈವ್‌ಟ್ರೇನ್ ಅಂತಾರಲ್ಲ, ಎಲ್ಲೈತ್ರಿ ಅದು?" ಎಂದರು ಯಜಮಾನರು.

"ಅದು ಒಂದ ಸಾಮಾನಲ್ರಿ ಸರ್. ಎಂಜಿನ್ನಿನ ಬಲ ಗಾಲಿಗೆ ಮುಟ್ಟಸೋದೆಲ್ಲಾ ಸೇರಿ ಡ್ರೈವ್‌ಟ್ರೇನ್. ಕ್ಲಚ್ಚು, ಗೇರ್‌ಬಾಕ್ಸು, ಶಾಫ್ಟು, ಆಕ್ಸಲ್ಲು. ಎಂಜಿನ್ನೂ ಸೇರಿಸಿದ್ರ ಪವರ್‌ಟ್ರೇನ್. ಮಂದಿ ಎರಡೂ ಕಲಸಿಬಿಡ್ತಾರ."

ಹೆಂಡತಿ ತಣ್ಣಗೆ ಹೇಳಿದರು: "ತಿಳೀತ್ರಿ. ನಮ್ಮನಿಯಾಗ ಎಂಜಿನ್ ಇವರು, ಸೌಂಡ್ ಬಾಳ. ಗಾಲಿ ತಿರುಗಸಾಕಿ ನಾನು."



ಹೊಸ ಪೆಡಲ್ಲು

ಸಿರುಗುಪ್ಪದ ಕಡೆ ಗದ್ದೆಯಲ್ಲಿ ಹೊಸ ಟ್ರ್ಯಾಕ್ಟರ್ ಹೂತುಹೋಗಿತ್ತು, ಮಾಲೀಕ ನನ್ನನ್ನು ಕರೆಸಿದ್ದ. ಕೆಸರಿನ ಗಾಲಿ ಗರಗರ ತಿರುಗುತ್ತಿತ್ತು, ಗಟ್ಟಿ ನೆಲದ್ದು ಸುಮ್ಮನೆ ನಿಂತಿತ್ತು. ಎರಡು ಗಾಲಿಗೂ ಬಲ ಹಂಚುವ ಡಿಫರೆನ್ಷಿಯಲ್ಲಿನ ಗುಣವೇ ಅದು, ಸಲೀಸಾಗಿ ತಿರುಗುವುದನ್ನೇ ತಿರುಗಿಸುತ್ತದೆ. ಎರಡನ್ನೂ ಒಟ್ಟಿಗೆ ದುಡಿಸಲು ಸೀಟಿನ ಕೆಳಗೆ ಒಂದು ಪೆಡಲ್ ಇರುತ್ತದೆ. ನೋಡಿದರೆ ಅದಕ್ಕೆ ಶೋರೂಮಿನ ಪ್ಲಾಸ್ಟಿಕ್ ಇನ್ನೂ ಸುತ್ತಿತ್ತು.

"ಇದನ್ನ ಯಾಕ ಒತ್ತಿಲ್ಲಪಾ?"

"ಹೊಸಾದೈತ್ರಿ ಮೇಸ್ತ್ರಿ, ಸವೀತೈತಿ."

ಬಲವಂತವಾಗಿ ಒತ್ತಿಸಿದೆ. ಟ್ರ್ಯಾಕ್ಟರ್ ಎದ್ದು ಬಂತು. ಮಾಲೀಕ ಇಳಿದು, ಪೆಡಲ್ ಒರೆಸಿ, ಪ್ಲಾಸ್ಟಿಕ್ ಮತ್ತೆ ಸುತ್ತಿದ.

ಕುರುಗೋಡಿನ ಮದುವೆ

ಸಿರಿಗೇರಿಯ ಗೆಳೆಯನ ಮಗನ ಮದುವೆ, ಕುರುಗೋಡಿನಲ್ಲಿ ಹುಡುಗಿಯ ಮನೆ ಮುಂದೆ. ಮದುಮಗನ ಕಾರಿನಲ್ಲಿ ನಾನೂ ಇದ್ದೆ. ಊರ ಹೊರಗಿನ ಬಯಲಲ್ಲಿ ಡ್ರೈವರ್ ಸ್ವಲ್ಪ ಹಿಂದೆ ತೆಗೆದದ್ದೇ ತಡ, ಗೇರು ರಿವರ್ಸಿನಲ್ಲೇ ಕಚ್ಚಿಕೊಂಡಿತು. ಬಿಚ್ಚಲು ಹೊತ್ತಿಲ್ಲ, ಮುಹೂರ್ತ ತಲೆಯ ಮೇಲೆ. ಮದುಮಗ ಇಳಿದು ನಡೆಯಲು ಬಾಗಿಲಿಗೆ ಕೈ ಹಾಕಿದ.

ಅವನ ಸೋದರಮಾವ ಕಡ್ಡಿ ಮುರಿದಂತೆ ಹೇಳಿದ: "ಮದಿಮಗ ನಡದ್ರೂ ಮರ್ಯಾದಿ ಹೋತು, ಗಾಡಿ ನೂಕಿದ್ರೂ ಹೋತು."

ಉಳಿದದ್ದು ಒಂದೇ ದಾರಿ. ಬಯಲಲ್ಲೇ ಕಾರು ತಿರುಗಿಸಿ, ಹಿಂದುಹಿಂದಕ್ಕೆ ಓಣಿ ಹೊಕ್ಕೆವು. ಬ್ಯಾಂಡಿನವರು ಮುಂದೆ ಯಾವುದೆಂದು ತಿಳಿಯದೆ ಕಾರಿನ ಸುತ್ತಲೂ ತಿರುಗಿದರು. ಆರತಿ ಹಿಡಿದವರು ಡಿಕ್ಕಿಗೆ ಬೆಳಗಿದರು. ಹುಡುಗಿಯ ಅಜ್ಜ ಕೂಗಿದ: "ಲೇ, ಅಳಿಯ ಬರಾಕತ್ತಾನೋ, ಹೊಂಟಾನೋ?"

ಅಂತೂ ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು. ಊಟ ಮುಗಿಸಿ ರಿಪೇರಿಗೆ ಕೂತರೆ, ಹುಡುಗಿಯ ತಾಯಿ ಬಂದು ತಡೆದರು.

"ಈಗ ಬ್ಯಾಡ್ರಿ ಅಣ್ಣಾರ. ಹಿಂಗ ಹಿಂದಿಂದಕ್ಕ ಹೋಗ್ಲಿ. ಓಣಿ ದಾಟೋತನಕ ಮಗಳ ಮಾರಿ ಕಾಣತೈತಿ."

ನಾನು ಪಾನಾ ಕೆಳಗಿಟ್ಟೆ. ಅಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ಸೋದರಮಾವ ಮಾತ್ರ ನೆಮ್ಮದಿಯ ಉಸಿರು ಬಿಟ್ಟ.

"ಛಲೋ ಆತ್ರಿ ಅಕ್ಕಾರ. ಹುಡುಗಿ ಅವ್ವನ ಮಾರಿ ನೋಡಿ ಮನಸು ಕರಗಿ ಹೊಳ್ಳಿ ಬರ್ತೀನಂದ್ರೂ, ಮುಂದಿನ ಗೇರ್ ಇಲ್ಲ!"