ಮೌಸ್ ಮುಟ್ಟದ ಮೇಷ್ಟ್ರು

ತಾನು ಕಲಿಸುವ ವಿದ್ಯೆ ಹಳತಾಗುತ್ತಿದೆ ಎಂಬ ಅನುಮಾನ ಬಂದ ಮೇಷ್ಟ್ರಿಗೆ ಎದೆಯೊಳಗೆ ಅವಲಕ್ಕಿ ಕುಟ್ಟುತ್ತಿರುತ್ತದೆ, ಗಂಟಲು ಮಾತ್ರ ದೊಡ್ಡದಾಗುತ್ತದೆ. ಇದು ನನ್ನ ಸ್ವಂತ ಅನುಭವ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮುಳಬಾಗಿಲಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ. ಕಪ್ಪು ಪರದೆಯ ಮೇಲೆ ಕಮಾಂಡುಗಳನ್ನು ಟಕಟಕ ಟೈಪ್ ಮಾಡಿ, ಎಂಟರ್ ಒತ್ತಿ, ತುಸು ಹಿಂದಕ್ಕೆ ಒರಗಿ ಕೂರುವುದರಲ್ಲೇ ನನ್ನ ಇಡೀ ಪ್ರತಿಷ್ಠೆ ಇತ್ತು. ಅಷ್ಟರಲ್ಲಿ ಕೇಂದ್ರದ ಯಜಮಾನರು ಹೊಸ ಯಂತ್ರಗಳನ್ನು ತರಿಸಿದರು. ಅವುಗಳಲ್ಲಿ ಗುಂಡಿ, ಪಟ್ಟಿ, ಚೌಕಗಳನ್ನು ಮೌಸ್‌ನಿಂದ ಎಳೆದು ತಂದಿಟ್ಟೇ ಪ್ರೋಗ್ರಾಂ ಕಟ್ಟಬಹುದಿತ್ತು. ನಾನು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಎರಡು ಸಲ ಕ್ಲಿಕ್ ಮಾಡಬೇಕಾದಲ್ಲಿ ಬೆರಳು ಗಾಬರಿಯಿಂದ ಮೂರು ಸಲ ಒತ್ತುತ್ತಿತ್ತು. ಬಾಣದ ಗುರುತು ಪರದೆಯ ಮೂಲೆಗೆ ಹೋಗಿ ಅವಿತುಕೊಳ್ಳುತ್ತಿತ್ತು. ಹೀಗಾಗಿ ತರಗತಿಯಲ್ಲಿ ಮೌಸ್ ಮುಟ್ಟುವುದನ್ನೇ ನಿಷೇಧಿಸಿದೆ.

"ಸಾರ್, ಮೌಸಲ್ಲಿ ಮಾಡಿದ್ರೆ ತಪ್ಪಾ?" ಎಂದು ಕೇಳಿದವರು ನನ್ನ ವಿದ್ಯಾರ್ಥಿನಿ ನಾಗಮಣಿ. ತಾಯಲೂರಿನಲ್ಲಿ ಬಟ್ಟೆ ಹೊಲಿಯುತ್ತಿದ್ದ, ಇಬ್ಬರು ಮಕ್ಕಳ ತಾಯಿ.

"ತಪ್ಪಮ್ಮಾ. ಅದು ಸೋಮಾರಿಗಳ ದಾರಿ," ಎಂದೆ.

ವಿದ್ಯಾರ್ಥಿಗಳು ಬರೆದ ಪ್ರೋಗ್ರಾಂಗಳನ್ನು ನೋಡಲು ಪರೀಕ್ಷಕರು ಬರುವ ಹಿಂದಿನ ದಿನ, ಯಜಮಾನರೂ ತರಗತಿಯಲ್ಲಿ ನಿಂತಿದ್ದಾಗ, ನನ್ನ ಕಮಾಂಡಿನ ಶಕ್ತಿ ತೋರಿಸುವ ಹುಕಿ ಬಂತು. ಬೇಡದ ಕಸದ ಫೈಲುಗಳನ್ನೆಲ್ಲ ಒಂದೇ ಸಾಲಿನಲ್ಲಿ ಅಳಿಸುತ್ತೇನೆ ಎಂದು ಟೈಪ್ ಮಾಡಿದೆ. ಯಂತ್ರ, ಖಂಡಿತ ಅಳಿಸಲೇ ಎಂದು ಕೇಳಿತು. "ನೋಡಿ, ಅನುಮಾನ ಅದಕ್ಕೆ, ನಮಗಲ್ಲ," ಎಂದು ಹೌದೆಂದು ಒತ್ತಿದೆ. ಎಲ್ಲವೂ ಅಳಿಸಿಹೋಯಿತು. ಆದರೆ ನಾನಿದ್ದದ್ದು ಕಸದ ಫೋಲ್ಡರಿನಲ್ಲಲ್ಲ. ಹನ್ನೆರಡು ಜನರು ತಿಂಗಳುಗಟ್ಟಲೆ ಬರೆದ ಪ್ರೋಗ್ರಾಂಗಳಿದ್ದ ಫೋಲ್ಡರಿನಲ್ಲಿ.

"ಏನ್ರೀ ಮೇಷ್ಟ್ರೇ, ನಾಳೆ ಬರೋರಿಗೆ ಏನ್ ತೋರಿಸ್ತೀರಾ?" ಎಂದರು ಯಜಮಾನರು. ನೌಕರಿ ಹೋಯಿತೆಂದೇ ಅಂದುಕೊಂಡೆ.

ನಾಗಮಣಿ ಚೀಲದಿಂದ ಎರಡು ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟರು. "ಬೈಬೇಡಿ ಸಾರ್. ನಿನ್ನೆ ನೀವು ಟೀಗೆ ಹೋದಾಗ ಎಲ್ಲರದ್ದೂ ಒಂದೊಂದು ಕಾಪಿ ಇರ್ಲಿ ಅಂತ ಮೌಸಲ್ಲೇ ಎಳ್ದು ಇದಕ್ಕೆ ಹಾಕ್ಕೊಂಡಿದ್ದೆ. ನಿಮ್ಮ ಕಮಾಂಡು ನೆನಪಿಗೇ ಬರ್ಲಿಲ್ಲ."

ಪರೀಕ್ಷೆ ಸಾಂಗವಾಗಿ ಮುಗಿಯಿತು. ಮರುವಾರ ಊಟದ ಬಿಡುವಿನಲ್ಲಿ ನಾನು ನಾಚಿಕೆ ಬಿಟ್ಟು ಆಕೆಯ ಪಕ್ಕ ಹೋಗಿ ಕುಳಿತು ಮೌಸ್ ಹಿಡಿದೆ. "ಅಷ್ಟು ಗಟ್ಟಿ ಹಿಡೀಬೇಡಿ ಸಾರ್, ಅದೇನು ಓಡಿಹೋಗಲ್ಲ," ಎಂದರು. ಅರ್ಧ ಗಂಟೆ ಒದ್ದಾಡಿ ಒಂದು ಗುಂಡಿಯನ್ನು ಪರದೆಯ ನಡುವೆ ಎಳೆದು ತಂದಿಟ್ಟೆ. "ಬಂತಲ್ಲಾ!" ಎಂದು ಆಕೆ ನಕ್ಕರು. ಅದೇ ಹೊತ್ತಿಗೆ ಯಜಮಾನರು ಒಳಗೆ ಕಾಲಿಟ್ಟರು. ನಾನು ಥಟ್ಟನೆ ನೆಟ್ಟಗಾಗಿ, "ಹಾಂ, ಹೀಗೇ ಮಾಡ್ಬೇಕಮ್ಮಾ. ಅರ್ಥ ಆಯ್ತಾ?" ಎಂದೆ.

ನಾಗಮಣಿ ಒಂದು ಕ್ಷಣ ನನ್ನ ಮುಖ ನೋಡಿ, "ಅರ್ಥ ಆಯ್ತು ಸಾರ್," ಎಂದರು.