ಹಲಗೆಯ ಮೇಲಿನ ದಿವಸ

ಬ್ಯಾಂಕಿನ ನರಹರಿರಾಯರಿಗೆ ಜಗತ್ತಿನ ತಾರೀಖುಗಳೆಲ್ಲ ಬಾಯಿಪಾಠ. ಮನೆಯ ಪಂಚಾಂಗ ಮಾತ್ರ ಹೆಂಡತಿಯ ಪಾಲಿನದು. ನಾಸಿಕ್ ರೋಡಿನ ತಮ್ಮ ವಠಾರದ ಹಲಗೆಯ ಮೇಲೆ ದಿನಾ ಬೆಳಿಗ್ಗೆ ‘ಇತಿಹಾಸದಲ್ಲಿ ಈ ದಿನ’ ಎಂದು ಮರಾಠಿಯಲ್ಲಿ ಬರೆಯುವ ಕೆಲಸವನ್ನು ಯಾರೂ ಹೇಳದೆಯೇ ಮೈಮೇಲೆ ಹಾಕಿಕೊಂಡಿದ್ದರು. ಭಾನುವಾರ ಆಗಸ್ಟ್ ಇಪ್ಪತ್ತಮೂರು. ಚಂದ್ರನ ಬಳಿಯಿಂದ ಭೂಮಿಯ ಮೊದಲ ಚಿತ್ರ ತೆಗೆದದ್ದೂ, ಎಷ್ಟೋ ವರ್ಷಗಳ ಮೇಲೆ ನಮ್ಮ ಚಂದ್ರಯಾನ ಅಲ್ಲಿ ಇಳಿದದ್ದೂ ಇದೇ ದಿನ ಎಂದು ಬರೆದು, ತಾವೇ ಇಳಿಸಿ ಬಂದವರ ಹಾಗೆ ಮೆಟ್ಟಿಲು ಹತ್ತಿದರು.

ಹೆಂಡತಿ ಅಂಬುಜಾಬಾಯಿ ಚಹಾ ಕೊಟ್ಟರು, ಊಟ ಬಡಿಸಿದರು, ಮಾತಿಲ್ಲ. ತಾವು ಉಣ್ಣಲೂ ಇಲ್ಲ. ಮರುದಿನ ಬೆಳಿಗ್ಗೆಯೂ ದೇವರ ಮುಂದೆ ತುಟಿ ಬಿಗಿದು ಕೂತದ್ದನ್ನು ಕಂಡು ರಾಯರು ತಾರೀಖು ಎಣಿಸಿದರು. ಇಪ್ಪತ್ತಮೂರು ಇವಳ ಹುಟ್ಟಿದ ದಿನವಲ್ಲವೆ!

ಓಡಿಹೋಗಿ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ‘ಅಂಬುಜಾಲಾ ದಿವಸ ಗೇಲೆ’ ಎಂದು ಬರೆದರು. ಅಂಬುಜಾಳ ದಿನ ಕಳೆದುಹೋಯಿತು, ತಪ್ಪಾಯಿತು ಎಂಬ ಭಾವ. ಶ್ರಾವಣ ಸೋಮವಾರ; ವೇರೂಳಿನ ಘೃಷ್ಣೇಶ್ವರನ ದರ್ಶನ ಮಾಡಿಸಿದರೆ ಒಂದು ಮಾತಾದರೂ ಹೊರಟೀತು ಎಂದು ಬ್ಯಾಂಕಿಗೆ ರಜೆ ಹೇಳಿದರು.

ಚೀಲ ಹಿಡಿದು ಬಾಗಿಲು ತೆರೆದರೆ ಎದುರುಮನೆಯ ಅನುರಾಧಾಬಾಯಿ. ಬೆಳಗಾವಿಯವರು, ಎರಡೂ ಭಾಷೆ ಬಲ್ಲವರು. ಕೈಯಲ್ಲಿ ಭರಣಿ.

“ಹಲಗಿ ಓದಿದೆ. ಅಂಬುಜಾ ವಹಿನಿಗೆ ನಿಂಬಿಕಾಯಿ ಉಪ್ಪಿನಕಾಯಿ ತಂದೀನ್ರಿ.”

“ಇಂಥಾದ್ದಕ್ಕ ಸಿಹಿ ತರತಾರಲ್ರಿ?”

“ಈಗ ಹುಳೀನ ಸೇರ್ತದ್ರಿ. ಎಷ್ಟನೇ ತಿಂಗಳು?”

“ಎಂಟನೇದ್ದು,” ಎಂದರು ರಾಯರು, ಆಗಸ್ಟ್ ಎಣಿಸಿ. “ವೇರೂಳ ಬಸ್ಸಿಗೆ ಹೊಂಟೀವಿ.”

“ಎಂಟರಾಗ ಬಸ್ಸ? ಈ ತಗ್ಗು ರಸ್ತಾದಾಗ? ತಲಿ ಅದನೋ ಇಲ್ಲೋ ಸಾಹೇಬ್ರ?”

ಆಕೆ ಬಾಗಿಲಿಗೆ ಅಡ್ಡ ನಿಂತರು. ಮೆಟ್ಟಿಲ ಮೇಲೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಹೆಂಗಸರು ಮುತ್ತಿದರು. ಒಬ್ಬರು ಹುಣಸೆಹಣ್ಣು ತಂದರು, ಒಬ್ಬರು ಸೂಲಗಿತ್ತಿಯ ನಂಬರು. ಅಷ್ಟರಲ್ಲಿ ಬಸ್ಸು ಹೋಯಿತು.

“ಆಕಿ ಹುಟ್ಟಿದ ದಿವಸ ಹೋತು ಅಂತ ಬರದೀನ್ರೆವ್ವಾ,” ಎಂದು ರಾಯರು ಕೈಮುಗಿದರು.

“ಅಯ್ಯ, ಮರಾಠಿಯೊಳಗ ‘ದಿವಸ ಗೇಲೆ’ ಅಂದ್ರ ಬಸುರಾಗ್ಯಾಳ ಅಂತ್ರಿ,” ಎಂದರು ಅನುರಾಧಾಬಾಯಿ.

ಒಳಗೆ ಗಂಟೆ ಬಾರಿಸಿತು. ಅಂಬುಜಾಬಾಯಿ ತೀರ್ಥ ತೆಗೆದುಕೊಂಡು ಹೊರಗೆ ಬಂದು ಬಾಯಿ ತೆರೆದರು.

“ನಿನ್ನೆ ಏಕಾದಶಿ ಇತ್ರಿ. ತೀರಿಹೋದ ನಮ್ಮವ್ವನ ನೆನೆಸಿ ಮೌನ ಹಿಡಿದಿದ್ದೆ. ಈಗ ಮುಗೀತು.”

ರಾಯರಿಗೆ ಹೋದ ಜೀವ ಬಂದಂತಾಯಿತು. “ಅಂದ್ರ ಸಿಟ್ಟಿಲ್ಲ? ಹುಟ್ಟಿದ ದಿವಸ ಇಪ್ಪತ್ತಮೂರಲ್ಲ?”

“ಇಪ್ಪತ್ತಮೂರೇ. ಜನವರಿ. ನೇತಾಜಿ ಹುಟ್ಟಿದ ದಿವಸ. ಪ್ರತಿ ವರ್ಷ ಹಲಗಿ ಮ್ಯಾಲೆ ಅವರದು ಬರೀತೀರಲ್ರಿ.”

ಭರಣಿ ಇಸಿದುಕೊಂಡು ಒಳಗೆ ಹೋದರು. ಆ ವಾರವೆಲ್ಲ ಮನೆಯಲ್ಲಿ ಮಾತಿಲ್ಲ. ಪಂಚಾಂಗ ತಿರುವಿ ನೋಡಿದರು ರಾಯರು. ಆ ವಾರ ಏಕಾದಶಿ ಇರಲಿಲ್ಲ.