ಮಾಮಾ ಬಂದೂಕು ನೋಡಲು ಹೋದದ್ದು

ನಮ್ಮ ಮಾಮಾ ಬಂದೂಕು ಕೊಳ್ಳಲು ಹೊರಟಾಗ ಇಡೀ ಆಕ್ಲೆಂಡಿನಲ್ಲಿ ಅವರಿಗೆ ಹೆದರಿದವನು ಒಬ್ಬನೇ ಒಬ್ಬ. ಬಂದೂಕಿನ ಅಂಗಡಿಯವನು!

ನಗಬೇಡಿ. ಆರಡಿ ಮೀರಿದ ಆಳು, ಕೆಂಪು ಗಡ್ಡ, ಒಂದೊಂದು ಮುಂಗೈಯೂ ಒನಕೆಯ ಹಾಗೆ. ಕಾಡುಹಂದಿಯ ಹಿಂದೆ ಓಡಿ ಬೆಳೆದವನು. ಅಂಥವನು ಶನಿವಾರ ಬೆಳಿಗ್ಗೆ ನಮ್ಮ ಕಾರು ಒನೆಹುಂಗಾದ ಆ ಬೀದಿಗೆ ತಿರುಗಿದ್ದು ಕಂಡರೆ ಸಾಕು, ಗಲ್ಲಾದ ಹಿಂದೆ ಬಗ್ಗಿ ಏನೋ ಹುಡುಕುವವನಂತೆ ನಟಿಸುತ್ತಿದ್ದ. ಮಾಮಾ ಬಿಡುವವರೇ? ಗಲ್ಲಾದ ಮೇಲೆ ಬಾಗಿ ಅವನ ಬೆನ್ನಿಗೇ ಹೇಳುತ್ತಿದ್ದರು: "ಗುಡ್ ಮಾರ್ನಿಂಗ್! ಹೋದ ವಾರದ ಹದಿನಾಲ್ಕನೇ ಪ್ರಶ್ನೆ ಹಂಗೇ ಉಳಿದದ."

ಇಂಗ್ಲಿಷಿನಲ್ಲೇ ಹೇಳುತ್ತಿದ್ದರು ಬಿಡಿ. ಆದರೆ ಬಾಗಲಕೋಟೆಯವರ ಇಂಗ್ಲಿಷು ಕೇಳುವವರಿಗೆ ಹೀಗೇ ಕೇಳಿಸುತ್ತದೆ.

ಮಾಮಾ ಎಂದರೆ ನನ್ನ ತಾಯಿಯ ತಮ್ಮ. ಅವರೂ ಮಾಮಿಯೂ ಮೌಂಟ್ ಆಲ್ಬರ್ಟ್ ಬಡಾವಣೆಯಲ್ಲಿ ಮನೆ ಮಾಡಿ ಏಳೆಂಟು ವರ್ಷವಾದ ಮೇಲೆ, ನಾನು ಕೆಲಸ ಸಿಕ್ಕು ಅಲ್ಲಿಗೆ ಹೋಗಿ ಅವರ ಮನೆಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡಿದ್ದೆ. ಇದು ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳ ಮಾತು. ಮಾಮಾ ಊರಾಚೆ ಪುಕೆಕೊಹೆಯ ಒಂದು ತರಕಾರಿ ಪ್ಯಾಕಿಂಗ್ ಶೆಡ್ಡಿನಲ್ಲಿ ಗುಣಮಟ್ಟ ಪರೀಕ್ಷಕರಾಗಿದ್ದರು. ದಿನವಿಡೀ ಉಳ್ಳಾಗಡ್ಡಿ, ಎಲೆಕೋಸುಗಳನ್ನು ತಿರುವಿ ನೋಡಿ "ನೀ ಪಾಸು, ನೀ ಫೇಲು" ಎನ್ನುವುದು ಅವರ ಉದ್ಯೋಗ. ಸಂಜೆ ಐದಕ್ಕೆ ಶೆಡ್ಡಿನ ಬಾಗಿಲು ಮುಚ್ಚುತ್ತಿತ್ತು, ಮಾಮಾರ ಪರೀಕ್ಷೆ ಮುಚ್ಚುತ್ತಿರಲಿಲ್ಲ!

ಒಮ್ಮೆ ದಿಂಬು ಕೊಳ್ಳಲು ಹೋದರು. ಅಂಗಡಿಯ ಮಂಚದ ಮೇಲೆ ಬೂಟು ಬಿಚ್ಚಿ ಮಲಗಿದರು. ಹತ್ತು ನಿಮಿಷದಲ್ಲಿ ಗೊರಕೆ. ಗಿರಾಕಿಗಳು ತುದಿಗಾಲಲ್ಲಿ ಓಡಾಡತೊಡಗಿದರು. ಮುಕ್ಕಾಲು ಗಂಟೆಯ ನಂತರ ಎದ್ದು ಕೂತು, ದಿಂಬನ್ನು ಮರಳಿ ಕಪಾಟಿಗಿಟ್ಟರು. "ಯಾಕ ಮಾಮಾ, ನಿದ್ದಿ ಛಲೋ ಬಂತಲ್ಲ?" ಎಂದೆ.

"ನಿದ್ದಿ ಬಂತು ಖರೇ. ಕನಸು ಸರಿ ಬೀಳಲಿಲ್ಲ."

ಕಾರಿನದು ಇನ್ನೊಂದು ಕಥೆ. ನಾಲ್ಕು ವರ್ಷದಿಂದ ಕಾರು ನೋಡುತ್ತಲೇ ಇದ್ದರು. ಡಿಕ್ಕಿಯಲ್ಲಿ ಅಕ್ಕಿ ಚೀಲ ಎಷ್ಟು ಹಿಡಿಸುತ್ತದೆಂದು ತಿಳಿಯಲು ಒಮ್ಮೆ ತಾವೇ ಒಳಗೆ ಮಲಗಿ, ಮುಚ್ಚಳ ಹಾಕಲು ಸೇಲ್ಸ್‌ಮನ್‌ಗೆ ಹೇಳಿದರಂತೆ. ಅವನು ತೆರೆಯಲು ತುಸು ತಡ ಮಾಡಿದನಂತೆ. ನಾನು ಅವನನ್ನು ದೂರುವುದಿಲ್ಲ! ಹೀಗಾಗಿ ಮಾಮಾ ಕೆಲಸಕ್ಕೆ ಹೋಗುತ್ತಿದ್ದುದು ಸಹೋದ್ಯೋಗಿಯೊಬ್ಬನ ಯೂಟ್ ಎಂಬ ಸಣ್ಣ ಟ್ರಕ್ಕಿನಲ್ಲಿ, ಶನಿವಾರ ಊರು ಸುತ್ತುತ್ತಿದ್ದುದು ನನ್ನ ಹಳೆಯ ಕಾರಿನಲ್ಲಿ. ಬಂದೂಕಿನ ಪ್ರಕರಣಕ್ಕೆ ನಾನು ಸಾಕ್ಷಿಯಾದದ್ದು ಹೀಗೆ.

ಬಂದೂಕು ಯಾಕೆ ಬೇಕಾಯಿತು? ಮೊಲಗಳ ದೆಸೆಯಿಂದ. ಶೆಡ್ಡಿನ ಮಾಲೀಕರ ಹೊಲದಲ್ಲಿ ಮೊಲಗಳು ಲೆಟ್ಯೂಸ್ ಸಾಲುಗಳನ್ನು ಒಂದು ಕಡೆಯಿಂದ ಮೇಯುತ್ತಿದ್ದವು. ಅದೂ ಹೇಗೆ? ಪ್ರತಿ ಗಿಡದಲ್ಲೂ ನಡುವಿನ ಎಳೆ ಎಲೆ ಮಾತ್ರ ತಿಂದು ಉಳಿದದ್ದು ಬಿಟ್ಟು. ತಮ್ಮ ಪರೀಕ್ಷೆಗೆ ಬರುವ ಮೊದಲೇ ಇನ್ನೊಬ್ಬರು ಪರೀಕ್ಷೆ ಮಾಡುವುದೆಂದರೇನು? ಮಾಮಾರಿಗೆ ತಡೆಯಲಾಗಲಿಲ್ಲ. ಲೈಸೆನ್ಸ್ ಇದ್ದರೆ ಭಾನುವಾರ ಬಂದು ಮೊಲ ಹೊಡೆಯಬಹುದು ಎಂದು ಮಾಲೀಕರು ಎಲ್ಲರಿಗೂ ಹೇಳಿದ್ದರು. ಮಾಮಾ ಮನೆಗೆ ಬಂದು ಘೋಷಿಸಿದರು: ಪೊಲೀಸರು ಗಸ್ತಿಗೆ ಹೋಗುವಾಗ ಹಿಡಿಯುತ್ತಾರಲ್ಲ, ಅಂಥ ಮಾದರಿಯ ಸೆಮಿ-ಆಟೋಮ್ಯಾಟಿಕ್ ರೈಫಲ್ ತರುತ್ತೇನೆ. ಆಗಿನ ಕಾನೂನಿನಲ್ಲಿ ಏಳು ಗುಂಡಿನ ಮ್ಯಾಗಜೀನಿನ ಅಂಥದ್ದು ಸಾಮಾನ್ಯ ಲೈಸೆನ್ಸಿಗೂ ಸಿಗುತ್ತಿತ್ತು, ಈಗ ಹಾಗಿಲ್ಲ.

ಮಾಮಿ ಲಟ್ಟಣಿಗೆ ಕೆಳಗಿಟ್ಟರು. "ಒಂದ ಇರಿವಿ ಸತ್ರ ಮೂರ ಸಲ ಕೈ ತೊಳ್ಕೋತೀರಿ. ನೀವು ಮೊಲ ಹೊಡಿಯಾವ್ರಾ?"

"ಹೊಡಿಯಾಂವ ಯಾರು? ಬರೇ ಹೆದರಸ್ತೀನಿ."

"ಹೆದರಸ್ಲಿಕ್ಕೆ ತಾಟು ಬಡದ್ರ ಸಾಲೂದಿಲ್ಲೇನು?"

ನನಗೂ ಸಂದೇಹ. "ಹಂಗಿದ್ರ ಒಂದೊಂದ ಗುಂಡಿಂದು ಸಾಕಲ್ಲ ಮಾಮಾ? ಸೆಮಿ-ಆಟೋಮ್ಯಾಟಿಕ್ ಯಾಕ?"

ಮಾಮಾ ನನ್ನನ್ನು ಕನಿಕರದಿಂದ ನೋಡಿದರು. "ಮೊದಲನೇ ಗುಂಡು ನೋಟೀಸು. ಎರಡನೇದು ರಿಮೈಂಡರು. ಮೂರನೇದು ಫೈನಲ್ ನೋಟೀಸು. ನಡುವ ಟೈಮ್ ಕೊಟ್ರ ಮೊಲ ಅಪೀಲಿಗೆ ಹೋಗ್ತದ!"

ಹೀಗೆ ಶುರುವಾಯಿತು ಒನೆಹುಂಗಾದ ಯಾತ್ರೆ. ಮೊದಲ ಶನಿವಾರ ಅಂಗಡಿಯವನು ಉತ್ಸಾಹದಿಂದ ರೈಫಲನ್ನು ಗೋಡೆಯಿಂದ ಇಳಿಸಿ, ಒಳಗೆ ಗುಂಡಿಲ್ಲವೆಂದು ತೆರೆದು ತೋರಿಸಿ, ಮಾಮಾರ ಕೈಗಿತ್ತ. ಕಪ್ಪಗೆ, ಗಿಡ್ಡಗೆ, ಅಲಂಕಾರವಿಲ್ಲದ ವಸ್ತು. ಮಾಮಾ ಚೀಲದಿಂದ ಮನೆಯ ತೂಕದ ಯಂತ್ರ ತೆಗೆದು ನೆಲಕ್ಕಿಟ್ಟು, ಮೊದಲು ತಾವೊಬ್ಬರೇ ನಿಂತು, ಆಮೇಲೆ ರೈಫಲ್ ಹಿಡಿದು ನಿಂತು, ಕಳೆದು ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು: "ಎರಡು ಮಧ್ಯಮ ಎಲೆಕೋಸು." ಮಾಮಾರ ಲೋಕದಲ್ಲಿ ಕಿಲೋಗ್ರಾಂ ಎಂಬುದು ಬರೀ ಕಾಗದದ ಮೇಲಿನ ಮಾತು.

ಎರಡನೇ ಶನಿವಾರ ಗಂಬೂಟು, ರೇನ್‌ಕೋಟು, ಮಾಮಿ ಹೆಣೆದ ಉಲ್ಲನ್ ಕೈಗವಸುಗಳ ಸಮೇತ ಬಂದರು. ಹೊಲದಲ್ಲಿ ತೊಡುವ ಬಟ್ಟೆಯಲ್ಲೇ ಪರೀಕ್ಷೆ ಆಗಬೇಕಲ್ಲ! ನಿಂತು ಗುರಿ ಹಿಡಿದರು, ಮಂಡಿಯೂರಿ ಹಿಡಿದರು. ಬೋರಲು ಮಲಗಿ ಹಿಡಿದಾಗ ಮಾತ್ರ ಏಳಲಾಗಲಿಲ್ಲ. ನಾನೂ ಅಂಗಡಿಯವನೂ ಆಚೀಚೆ ರಟ್ಟೆ ಹಿಡಿದು ಎಬ್ಬಿಸಿದೆವು. "ನೆಲದಿಂದ ಏಳುವಾಗ ಬಂದೂಕಿನ ಸಹಾಯ ಏನೂ ಇಲ್ಲ," ಎಂದು ಪುಸ್ತಕದಲ್ಲಿ ದಾಖಲಾಯಿತು.

ಮೂರನೇ ವಾರ ರೈಫಲನ್ನು ಬಿಚ್ಚಿಸಿದರು. ಪ್ರತಿ ಭಾಗವನ್ನೂ ಮೂಸಿ, "ಹೊಲಿಗಿ ಮಷೀನಿನ ಎಣ್ಣಿ ನಡೀತದೇನು?" ಎಂದು ಕೇಳಿದರು. ಮಳೆಗೆ ತುಕ್ಕು ಹಿಡಿಯುವುದು ಮೊದಲು ಎಲ್ಲಿ? ಕೆಸರು ಹೊಕ್ಕರೆ ಗುಂಡು ಸಿಕ್ಕಿಕೊಳ್ಳುತ್ತದೆಯೇ? ಸಿಕ್ಕಿಕೊಂಡರೆ ಯಾರಿಗೆ ಹೇಳಬೇಕು? ಅಂಗಡಿಯವನು ಬೆವರು ಒರೆಸಿಕೊಂಡು ಎಲ್ಲದಕ್ಕೂ ಉತ್ತರ ಕೊಟ್ಟ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಇನ್ನೊಬ್ಬ ಗಿರಾಕಿ ಆ ಉತ್ತರಗಳಿಗೆ ಮೆಚ್ಚಿ ಅದೇ ಮಾದರಿಯ ಇನ್ನೊಂದನ್ನು ಆಗಲೇ ಕೊಂಡುಹೋದ. ಮಾಮಾ ಅವನ ಬೆನ್ನನ್ನೇ ನೋಡಿ ತಲೆಯಾಡಿಸಿದರು. "ಅವಸರದ ಮನಷ್ಯಾ!"

ಗಾಳಿಯಲ್ಲಿ ನೋಟೀಸು ಹಾರಿಸುವ ಯೋಜನೆ ಕೇಳಿ ಮಾತ್ರ ಅಂಗಡಿಯವನು ಗಂಭೀರನಾದ. "ಮೇಟ್, ಮೇಲೆ ಹೋದ ಗುಂಡು ಎಲ್ಲೋ ಒಂದು ಕಡೆ ಇಳಿಯುತ್ತದೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದೆ ಒಂದು ಗುಂಡನ್ನೂ ಹಾರಿಸಬೇಡ." ಮಾಮಾ ಆ ಮಾತನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ಅವತ್ತಿನಿಂದ ಅಂಗಡಿಯವನಿಗೆ ಮಾಮಾರ ಮೇಲೆ ಹೆದರಿಕೆಯ ಜೊತೆಗೆ ಒಂದು ಬಗೆಯ ಗೌರವವೂ ಹುಟ್ಟಿತೆಂದು ಕಾಣುತ್ತದೆ. ತನ್ನ ಕ್ಲಬ್ಬಿನ ಗುರಿ ಅಭ್ಯಾಸಕ್ಕೆ ಅವನೇ ಕರೆದುಕೊಂಡು ಹೋದ.

ಅಲ್ಲಿ ಕಿವಿಗೆ ಮುಚ್ಚಿಗೆ ಹಾಕಿಕೊಂಡು ಸಾಲಾಗಿ ಮಲಗಿ, ದೂರದ ಕಾಗದಗಳಿಗೆ ಹೊಡೆಯಬೇಕು. ಅಂಗಡಿಯವನು ಮಾಮಾರ ಪಕ್ಕದಲ್ಲೇ ಕೂತು ಒಂದೊಂದನ್ನೂ ಹೇಳಿಕೊಟ್ಟ. ಮಾಮಾ ಐದು ಗುಂಡು ಹಾರಿಸಿದರು. ರೈಫಲ್ ಒಮ್ಮೆಯೂ ತಡವರಿಸಲಿಲ್ಲ. ಭುಜಕ್ಕೆ ಪೆಟ್ಟೂ ಹೆಚ್ಚಿಲ್ಲವಂತೆ. ಹೋಗಿ ನೋಡಿದರೆ ಮಾಮಾರ ಕಾಗದ ಮದುವೆಯ ಧೋತರದಂತೆ ಶುಭ್ರ! ಆಚೆ ಪಕ್ಕದ ಮುದುಕನೊಬ್ಬ ತನ್ನ ಕಾಗದದಲ್ಲಿ ಹತ್ತು ತೂತು ಎಣಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಅವನು ಹಾರಿಸಿದ್ದು ಐದೇ. ಉಳಿದ ಐದು ಒಂದು ಅಂಗೈಯಗಲದಲ್ಲಿ ಒತ್ತೊತ್ತಾಗಿ ಕೂತಿದ್ದವು.

"ಇದನ್ನ ಪುಸ್ತಕದಾಗ ಏನಂತ ಬರೀತೀರಿ ಮಾಮಾ?" ಎಂದು ಕೆಣಕಿದೆ.

ಬರೆದು ತೋರಿಸಿದರು: "ಬಂದೂಕು ಪಾಸು. ಹೊಡೆಯುವವನು ಪರಿಶೀಲನೆಯಲ್ಲಿದ್ದಾನೆ."

ಇನ್ನು ಉಳಿದದ್ದು ಲೈಸೆನ್ಸು. ಸುರಕ್ಷತೆಯ ಪಾಠಕ್ಕೆ ಕೂತು, ಪರೀಕ್ಷೆಯಲ್ಲಿ ಎಲ್ಲ ಉತ್ತರ ಸರಿ ಬರೆದು, ಪ್ರಶ್ನೆಪತ್ರಿಕೆಯಲ್ಲಿದ್ದ ಒಂದು ಅಚ್ಚಿನ ತಪ್ಪನ್ನೂ ತಿದ್ದಿ ಕೊಟ್ಟು ಬಂದರು. ಗ್ಯಾರೇಜಿನ ಗೋಡೆಗೆ ಬಂದೂಕಿಡುವ ಉಕ್ಕಿನ ಪೆಟ್ಟಿಗೆ ಹೊಡೆಸಿದರು. ಕೊನೆಗೆ ಒಂದು ಸಂಜೆ, ಪೊಲೀಸರ ಪರವಾಗಿ ವಿಚಾರಿಸಿಕೊಳ್ಳಲು ಒಬ್ಬ ಹೆಂಗಸು ಮನೆಗೆ ಬಂದರು. ನರೆಗೂದಲು, ಮೆತ್ತನೆಯ ಮಾತು. ಇಂಥ ಲೈಸೆನ್ಸಿಗೆ ಅಲ್ಲಿ ಹೆಂಡತಿಯನ್ನು ಬೇರೆಯಾಗಿ ಕೂಡಿಸಿ ಕೇಳುತ್ತಾರೆ. ಮಾಮಾರನ್ನು ಹಿತ್ತಲಿಗೆ ಕಳಿಸಿದರು. ಮಾಮಿಗೆ ಇಂಗ್ಲಿಷು ಅಷ್ಟಕ್ಕಷ್ಟೆ; ದುಭಾಷಿಯಾಗಿ ನಾನು ಕೂತೆ.

"ನಿಮ್ಮ ಯಜಮಾನರಿಗೆ ಸಿಟ್ಟು ಬರುತ್ತದೆಯೇ?"

"ಬರ್ತದ," ಎಂದರು ಮಾಮಿ. "ಅನ್ನ ಮುದ್ದಿ ಆದ್ರ ಬರ್ತದ. ಅನ್ನದ ಮ್ಯಾಲೆ."

"ಕುಡಿಯುತ್ತಾರೆಯೇ?"

"ಎಂಟ ಸಲ. ಚಹಾ."

"ಜಗಳವಾದಾಗ ಏನು ಮಾಡುತ್ತಾರೆ?"

"ಪುಸ್ತಕದಾಗ ಬರ್ಕೊಂಡು ಮರುದಿವಸ ಉತ್ತರಾ ಕೊಡ್ತಾರ. ಅಷ್ಟೊತ್ತಿಗೆ ನಾ ಜಗಳಾನ ಮರ್ತಿರ್ತೀನಿ."

ಆ ತಾಯಿ ನಗು ತಡೆದುಕೊಂಡು ಬರೆದುಕೊಂಡರು. ಆಮೇಲೆ ಪೆನ್ನು ಎತ್ತಿ ಹಿಡಿದು, ಅದೇ ಮೆತ್ತಗಿನ ದನಿಯಲ್ಲಿ ಕೇಳಿದರು: "ಅವರು ತುಂಬಾ ದುಃಖದಲ್ಲಿದ್ದು, ಅವರ ಜೀವದ ಬಗ್ಗೆ ನಿಮಗೆ ಹೆದರಿಕೆಯಾದದ್ದು ಎಂದಾದರೂ ಇದೆಯೇ?"

ನಾನು ನಗುನಗುತ್ತಲೇ ಅದನ್ನು ಕನ್ನಡಕ್ಕೆ ತಿರುಗಿಸಿದೆ. ಮಾಮಿ ನಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ನೀ ಬರೂಕಿಂತ ಮೊದಲಿನ ಮಾತು," ಎಂದು ನನಗೇ ಹೇಳಿದರು. "ಇಲ್ಲಿಗೆ ಬಂದ ಮೊದಲನೇ ಚಳಿಗಾಲ. ಇವರ ಡಿಗ್ರಿ ಇಲ್ಲಿ ನಡಿಯೂದಿಲ್ಲ ಅಂದ್ರು. ಎಲ್ಲೂ ಕೆಲಸಾ ಇಲ್ಲ. ಮುಂಜಾನೆದ್ದು ನಳಾ ಬಿಟ್ಟು ಅದರ ಮುಂದ ಸುಮ್ಮ ನಿಲ್ತಿದ್ರು. ಅರ್ಧಾ ತಾಸು. ಕರದ್ರ ಕೇಳಸ್ತಿದ್ದಿಲ್ಲ. ಆವಾಗ ನಾ ಮನ್ಯಾಗಿನ ಚಾಕು ಎಲ್ಲಾ ಜ್ವಾಳದ ಹಿಟ್ಟಿನ ಡಬ್ಬ್ಯಾಗ ಮುಚ್ಚಿಡ್ತಿದ್ದೆ. ಒಂದ ಚಳಿಗಾಲ ಪೂರಾ. ಅವರಿಗೆ ಗೊತ್ತಿಲ್ಲ."

ಇದನ್ನು ಹೇಳಿದರೆ ಲೈಸೆನ್ಸ್ ಹೋಯಿತು. ಹೇಳದಿದ್ದರೆ? ಮಾಮಿಯ ಮುಖ ನೋಡಿದೆ. "ಹೇಳು," ಎಂದರು. "ಕೇಳಿದ್ದಕ್ಕ ಖರೇ ಹೇಳಬೇಕು."

ಹೇಳಿದೆ. ಆ ಹೆಂಗಸು ಬರೆಯಲಿಲ್ಲ; ಮಾಮಿಯ ಕೈ ಮೇಲೆ ಒಂದು ಕ್ಷಣ ತಮ್ಮ ಕೈಯಿಟ್ಟು, ಎದ್ದು ಹಿತ್ತಲಿಗೆ ಹೋದರು. ಮಾಮಾರ ಜೊತೆ ಬಹಳ ಹೊತ್ತು ಮಾತಾಡಿದರು. ಏನು ಮಾತೋ ನಮಗೆ ಕೇಳಿಸಲಿಲ್ಲ. ಹೋಗುವಾಗ ಅವರ ಕೈಯಲ್ಲಿ ಮಾಮಾ ಕಿತ್ತುಕೊಟ್ಟ ಒಂದು ಕಟ್ಟು ಕೊತ್ತಂಬರಿ ಇತ್ತು. ಮಾಮಾರ ಮಾಲೀಕರನ್ನೂ ಕಂಡು ವಿಚಾರಿಸಿದರಂತೆ. ಹಳೆಯ ಮಾತು, ಈಗ ಅಡ್ಡಿಯಿಲ್ಲವೆಂದು ತೀರ್ಮಾನವಾಗಿರಬೇಕು. ಕೆಲವು ವಾರಗಳ ನಂತರ ಲೈಸೆನ್ಸ್ ಅಂಚೆಯಲ್ಲಿ ಬಂತು.

ಆ ಶನಿವಾರ ಮಾಮಾ ಮದುಮಗನ ಹಾಗೆ ತಯಾರಾದರು. ಇಸ್ತ್ರಿ ಮಾಡಿದ ಅಂಗಿ, ಮೇಲೆ ಒಂದು ಸ್ವೆಟರು. ಕೂತು ಬೂಟಿನ ದಾರ ಕಟ್ಟುತ್ತಿದ್ದರು. ಮಾಮಿ ಸೋಫಾದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ತಲೆ ಎತ್ತದೆಯೇ ಮಾಮಾ ಕೇಳಿದರು: "ಅದು ಮನ್ಯಾಗ ಇದ್ರ ನಿನಗ ಹೆದರಿಕಿ ಆಗ್ತದೇನು?"

ಮಾಮಿಯ ಕೈ ನಿಂತಿತು. "ಇಲ್ಲ," ಎಂದರು.

ಮಾಮಾ ಕಟ್ಟಿದ ದಾರದ ತುದಿ ಹಿಡಿದರು. ಆಮೇಲೆ ಅದನ್ನು ಬಿಚ್ಚತೊಡಗಿದರು.

"ಯಾಕ್ರೀ?"

"ಇಲ್ಲ ಅನ್ನೂದಕ್ಕ ಎರಡ ಸೆಕೆಂಡ್ ತಡಾ ಮಾಡಿದಿ."

"ಅಯ್ಯ, ಕೈಯಾಗ ಕೆಲಸಾ ಇತ್ತು, ಅದಕ್ಕ..." ಎನ್ನುತ್ತಾ ಮಾಮಿ ಸುಲಿದ ಕಾಳನ್ನು ಸಿಪ್ಪೆಯ ಬುಟ್ಟಿಗೆ ಹಾಕಿದರು.

ಮಾಮಾ ಎರಡೂ ಬೂಟು ಬಿಚ್ಚಿ ಜೋಡಿಸಿಟ್ಟರು. ನನಗೆ ಹೇಳಿದರು: "ಅಂಗಡಿಯವಗ ಫೋನ್ ಮಾಡವಾ. ಬ್ಯಾಡಂತ ಹೇಳು. ಬಂದೂಕಿನಾಗ ಏನೂ ದೋಷ ಇಲ್ಲ ಅಂತನೂ ಹೇಳು, ಪಾಪ."

ಫೋನ್ ಮಾಡಿದೆ. ಆ ಕಡೆ ಒಂದು ದೊಡ್ಡ ಉಸಿರು ಕೇಳಿಸಿತು. ನೆಮ್ಮದಿಯದೆಂದು ನಾನು ತಿಳಿದೆ. ಆದರೆ ಅವನು ಕೇಳಿದ್ದು ಇದು: "ಹಾಗಾದರೆ ಮುಂದಿನ ಶನಿವಾರ ಅವರು ಬರುವುದಿಲ್ಲವೇ?"

ಲೆಟ್ಯೂಸಿನ ಸುತ್ತ ಸಣ್ಣ ಕಣ್ಣಿನ ಜಾಲರಿ ಹಾಕಬೇಕೆಂದು ಮಾಮಾ ಸೋಮವಾರವೇ ಮಾಲೀಕರಿಗೆ ಹೇಳಿದರು. ಮುಂದೆ ಹಾಗೇ ಹಾಕಿಸಿದರು ಕೂಡ.

ಬೂಟು ಬಿಚ್ಚಿಟ್ಟ ಆ ಶನಿವಾರವೇ ಮಧ್ಯಾಹ್ನ ಊಟವಾದ ಮೇಲೆ ಮಾಮಿ ಸೋಫಾದಲ್ಲಿ ಕೂತಲ್ಲೇ ಬಾಯಿ ತುಸು ತೆರೆದು ಗಾಢವಾಗಿ ನಿದ್ದೆ ಹೋದರು. ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ಯಾವನೋ ಒಬ್ಬ ಸಿಕ್ಸರ್ ಹೊಡೆದ, ಮೈದಾನವೆಲ್ಲ ಕೂಗಿತು, ಮಾಮಿ ಸಣ್ಣಗೆ ಮಿಸುಕಿದರು. ಮಾಮಾ ಥಟ್ಟನೆ ಎದ್ದು ಸದ್ದನ್ನು ಪೂರ್ತಿ ನಿಲ್ಲಿಸಿದರು. ತಮ್ಮ ಸ್ವೆಟರ್ ಬಿಚ್ಚಿ ಅವರ ಪಾದದ ಮೇಲೆ ಹೊದಿಸಿದರು. ಆಮೇಲೆ ಸದ್ದಿಲ್ಲದ ಆ ಆಟವನ್ನು ಸಂಜೆಯವರೆಗೂ ನೋಡುತ್ತಾ ಕೂತರು.